ಹೊತ್ತು ಮುಳುಗುವುದರೊಳಗೆ ನಿಜವಾಗಬೇಕಾದ ವಾಕ್ಯ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಗುರು ಇದ್ದರು.

ಆಶ್ರಮದಲ್ಲಿ ಇಂಗ್ಲಿಷಿಗೆ ಏನು ಕೆಲಸ ಎಂದು ಹುಬ್ಬೇರಿಸಬೇಡಿ. ಹುಚ್ಚೀರಯ್ಯನವರು ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ ತಲೆ ನರೆಸಿಕೊಂಡವರು. ಕಾವಿ ಉಟ್ಟ ಮೇಲೂ ಅದು ಮರೆತುಹೋಗಲಿಲ್ಲ, ಅಷ್ಟೇ. ಸುತ್ತಲಿನವರು ಅವರನ್ನು ಅಜ್ಜಾರು ಅನ್ನುತ್ತಿದ್ದರು. ಸಂಕಟ ಹೇಳಿಕೊಳ್ಳುವವರೂ ಬರುತ್ತಿದ್ದರು, ಕೆಲಸದ ಸಂದರ್ಶನಕ್ಕೆ ಹೋಗುವ ಹುಡುಗರೂ ಬರುತ್ತಿದ್ದರು. ಅಜ್ಜಾರು ಎಲ್ಲರಿಗೂ ಅದೇ ಚಾಪೆ ಹಾಸುತ್ತಿದ್ದರು.

ಅವರ ಪಾಠಕ್ಕೆ ಒಂದೇ ನೇಮ. ಪಾಠದಲ್ಲಿ ನೀನು ಕಟ್ಟಿದ ಉದಾಹರಣೆಯನ್ನು ಹೊತ್ತು ಮುಳುಗುವುದರೊಳಗೆ ನೀನೇ ನಿಜ ಮಾಡಬೇಕು.

‘ಬಾವಿ ಬತ್ತಿದರೆ ನಾನು ಅಗೆಯುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಸೊಗಸಾಗಿ ಹೇಳಿದ ಒಬ್ಬ ಜಾಣನಿಗೆ ಅಜ್ಜಾರು ಹಿತ್ತಲಿನ ಒಣಬಾವಿಯನ್ನು ತೋರಿಸಿ ಕೈಗೆ ಗುದ್ದಲಿ ಕೊಟ್ಟಿದ್ದರು. ಆಮೇಲೆ ಬಂದವರೆಲ್ಲ ಹುಷಾರಾದರು. ಬಾಯಾರಿದರೆ ನೀರು ಕುಡಿಯುತ್ತೇನೆ, ಹಸಿದರೆ ಉಣ್ಣುತ್ತೇನೆ, ಇಂಥವೇ ಉದಾಹರಣೆಗಳು.

ಅಡಿವೆಪ್ಪ ಹಾಗೆ ಹೆದರುವವನಲ್ಲ.

ಅವನು ಧಾರವಾಡದಲ್ಲಿ ಓದಿ ಮುಗಿಸಿದ ಹುಡುಗ. ಒಂದು ವಸತಿ ಶಾಲೆಯಿಂದ ಇಂಗ್ಲಿಷ್ ಮೇಷ್ಟರ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು, ಅದರ ತಯಾರಿಗೆಂದು ಆಶ್ರಮಕ್ಕೆ ಬಂದು ಉಳಿದಿದ್ದ. ಬುದ್ಧಿ ಚುರುಕು, ನಾಲಿಗೆ ಇನ್ನೂ ಚುರುಕು. ತನಗೆ ಆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನನ್ನನ್ನು ಕೇಳಿದರೆ, ಆ ಭರವಸೆ ಸುಳ್ಳಲ್ಲ.

ಅವನು ಆಡಿದ ಸುಳ್ಳು ಬೇರೊಂದು. ಅದು ಹೊಳೆಯ ಆಚೆ ದಂಡೆಯಲ್ಲಿತ್ತು.

ಆಚೆ ದಂಡೆಯ ಊರಿನಲ್ಲಿ ಅವನ ಅಕ್ಕ ಪಾರವ್ವ ಇದ್ದಳು. ಅಪ್ಪ ಅವ್ವ ಇಬ್ಬರೂ ಹೋಗಿ ಬಹಳ ಕಾಲವಾಗಿತ್ತು. ಪಾರವ್ವನಿಗೆ ತವರು ಅಂದರೆ ಅಡಿವೆಪ್ಪನೊಬ್ಬನೇ. ಅವಳ ಮಗ ಗುರುಸಿದ್ದನಿಗೆ ಹೋದ ವರ್ಷ ಜವಳ ಇಟ್ಟುಕೊಂಡಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ತೆಗೆಯುವವನು ಸೋದರಮಾವ. ಅವನು ಕತ್ತರಿ ಇಡದೆ ಉಳಿದವರು ಮುಟ್ಟುವ ಹಾಗಿಲ್ಲ.

ನೆಂಟರು ಬಂದರು, ಹೋಳಿಗೆ ಆಯಿತು, ಸೋದರಮಾವ ಬರಲಿಲ್ಲ.

ಪಾರವ್ವ ಬೇರೆ ಯಾರಿಗೂ ಮಗುವಿನ ತಲೆ ಮುಟ್ಟಗೊಡಲಿಲ್ಲ. ಉಂಡವರು ಬಾಯಿ ಒರೆಸಿಕೊಂಡು, ಒಂದಿಷ್ಟು ಮಾತು ಆಡಿಕೊಂಡು ಹೋದರು. ಮರುದಿನ ಅಡಿವೆಪ್ಪ ಫೋನಿನಲ್ಲಿ ಹೇಳಿದ, “ದಿನಾ ಗೊತ್ತಿದ್ರ ಓಡಿ ಬರ್ತಿದ್ದೆ ಅಕ್ಕಾ.”

ಗೊತ್ತಿತ್ತು. ಅವನ ಭಾವ, ಅಂದರೆ ಪಾರವ್ವನ ಗಂಡ, ಧಾರವಾಡದ ಅವನ ಕೋಣೆಗೇ ಬಂದು ಹೇಳಿಹೋಗಿದ್ದ. ಆದರೆ ಸೋದರಮಾವ ಬರಿಗೈಲಿ ಹೋಗುವಂತಿಲ್ಲ. ಮಗುವಿಗೆ ಹೊಸ ಬಟ್ಟೆ ಬೇಕು, ಸೊಂಟಕ್ಕೆ ಬೆಳ್ಳಿಯ ಉಡಿದಾರ ಬೇಕು. ಕೆಲಸ ಸಿಕ್ಕರೆ ಉಡಿದಾರ ತರುತ್ತೇನೆ, ಉಡಿದಾರ ತಂದರೆ ತಲೆ ಎತ್ತಿ ಹೋಗುತ್ತೇನೆ. ಹೀಗೆ ಅಂದುಕೊಳ್ಳುತ್ತ ಅಡಿವೆಪ್ಪ ವರ್ಷ ಕಳೆದ. ಆಚೆ ದಂಡೆಯಲ್ಲಿ ಗುರುಸಿದ್ದನ ಕೂದಲು ಬೆಳೆಯುತ್ತಲೇ ಇತ್ತು. ಅಡಿವೆಪ್ಪ ಆಶ್ರಮದಲ್ಲಿರುವುದು ಅಕ್ಕನಿಗೆ ಗೊತ್ತಿರಲಿಲ್ಲ. ಹೊಳೆ ದಾಟಿದರೆ ಅವಳ ಮನೆ. ಅವನು ದಾಟಲಿಲ್ಲ.

ಇಷ್ಟು ತಿಳಿದಿರಲಿ. ಈಗ ಪಾಠಕ್ಕೆ ಬರೋಣ.

“ಅಜ್ಜಾರ, ಸಣ್ಣ ಸಣ್ಣ ವಾಕ್ಯ ನನಗ ಬ್ಯಾಡ್ರಿ. ದೊಡ್ಡ ಮಂದಿ ಆಡೂ ಇಂಗ್ಲಿಷ್ ಕಲಸ್ರಿ,” ಎಂದ ಅಡಿವೆಪ್ಪ.

“ಅಂದ್ರ?”

“ಇಫ್ ಇಲ್ಲದ ವಾಕ್ಯರಿ.”

ಇಫ್ ಅಂದರೆ ನಮ್ಮ ‘ರೆ’. ಬಂದರೆ, ಹೋದರೆ, ಕೊಟ್ಟರೆ ಅನ್ನುತ್ತೇವಲ್ಲ, ಆ ರೆ. ಗತ್ತಿನ ಇಂಗ್ಲಿಷಿನಲ್ಲಿ ಅದನ್ನು ತೆಗೆದುಹಾಕಿ ಶುಡ್, ವರ್, ಹ್ಯಾಡ್ ಇವುಗಳಲ್ಲಿ ಒಂದನ್ನು ವಾಕ್ಯದ ತಲೆಗೆ ತಂದು ಕೂರಿಸುತ್ತಾರೆ. ಕೆಲಸ ಕೊಡುವವರು ಇಂಥ ವಾಕ್ಯ ಕೇಳಿದರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ ಎಂದು ಅಡಿವೆಪ್ಪನ ಲೆಕ್ಕ.

“ಒಂದು ಹೇಳು ನೋಡೂಣು,” ಎಂದರು ಅಜ್ಜಾರು.

ಅಡಿವೆಪ್ಪ ಗಂಟಲು ಸರಿಮಾಡಿಕೊಂಡ. “ವರ್ ಐ ದ ಗುರು, ಐ ವುಡ್ ಆನ್ಸರ್ ಎವ್ರಿಒನ್ ಇನ್ ಒನ್ ವರ್ಡ್.”

ನಾನೇ ಗುರುವಾಗಿದ್ದರೆ ಎಲ್ಲರಿಗೂ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದೆ.

“ಇಫ್ ಎಲ್ಲಿ ಹೋತು?”

“ಕಿತ್ತೊಗದೆ ಅಜ್ಜಾರ.”

“ಎಲ್ಲಿಂದ?”

“ವಾಕ್ಯದಿಂದ್ರಿ.”

ಅಜ್ಜಾರು ‘ಹೂಂ’ ಅಂದರು. “ಅತ್ತಿಗಿ ಮೀಸಿ ಬಂದ್ರ ಚಿಕ್ಕಪ್ಪ ಅನಬಹುದು. ಇರಲಿ. ಬಾ, ಕುಂದ್ರು.”

ತಾವು ಗದ್ದುಗೆಯಿಂದ ಎದ್ದರು. ಕಸಬರಿಗೆ ತೆಗೆದುಕೊಂಡು ಅಂಗಳಕ್ಕೆ ಇಳಿದರು. ನೇಮ ಅಂದರೆ ನೇಮ. ಅಡಿವೆಪ್ಪ ಗದ್ದುಗೆಯ ಮೇಲೆ ಕೂತ. ಕೂತದ್ದು ಅವನಿಗೇನೂ ಕಷ್ಟವಾಗಲಿಲ್ಲ ಅನ್ನಬೇಕು.

ಒಬ್ಬಳು ಮುದುಕಿ ಬಂದಳು. ಗದ್ದುಗೆಯ ಮೇಲೆ ಯಾರಿದ್ದಾರೆಂದು ಸರಿಯಾಗಿ ನೋಡದೆ ಕೂತುಬಿಟ್ಟಳು.

“ಸೊಸಿ ಮಾತು ಬಿಟ್ಟಾಳ್ರಿ. ತಪ್ಪು ನಂದ ಇರಬಹುದು. ಆದ್ರ ಅಕಿನ ಬಂದು ಮಾತಾಡಿಸಿದ್ರ ನಾನೂ ಮಾತಾಡ್ತೀನಿ. ಅಲ್ಲೀತನಾ ಇಲ್ಲ.”

“ಮಾತಾಡಸ್ರಿ,” ಎಂದ ಅಡಿವೆಪ್ಪ.

“ಯಾರು, ನಾನಾ? ಮೊದಲಾ?”

“ಹೌದು.”

 ಮುದುಕಿ ಎದ್ದು ಅವನ ಕಾಲು ಮುಟ್ಟಲು ಬಗ್ಗಿದಳು. ಅಡಿವೆಪ್ಪ ಕಾಲು ಎಳೆದುಕೊಂಡ.

ಹೊತ್ತು ಮುಳುಗಿತು. ಅಜ್ಜಾರು ಕಸಬರಿಗೆ ಮೂಲೆಗಿಟ್ಟು ಬಂದರು.

“ಮುದುಕಿಗೆ ಚಲೋ ಹೇಳಿದಿ. ನಿನಗ ಯಾರು ಹೇಳಿಕೊಟ್ರು?”

“ಯಾರ್ ಹೇಳಬೇಕ್ರಿ ಅಜ್ಜಾರ. ಹೊಳೀತು.”

“ಹೊಳೀತು,” ಎಂದು ಅಜ್ಜಾರು ಅದೇ ಮಾತನ್ನು ತಿರುಗಿ ಹೇಳಿ ಒಳಗೆ ಹೋದರು.

ಮರುದಿನ ಅಡಿವೆಪ್ಪನಿಗೆ ಒಂದು ಉಪಾಯ ಹೊಳೆಯಿತು. ಶುಡ್ ಅಂದರೆ ಮುಂದೆ ಆಗಬಹುದಾದದ್ದು, ಆಗಿಬಿಟ್ಟರೆ ಕೆಲಸ ಮಾಡಬೇಕು. ವರ್ ಅಂದರೆ ಗದ್ದುಗೆಯ ಮೇಲೆ ಕೂತು ಬೆನ್ನು ನೋಯಿಸಿಕೊಳ್ಳಬೇಕು. ಆದರೆ ಹ್ಯಾಡ್? ಹ್ಯಾಡ್ ಅಂದರೆ ಆಗಿಹೋದ ಕಾಲ. ಆಗಲಿಲ್ಲ ಎಂದು ಆಗಲೇ ಮುಗಿದುಹೋದದ್ದು. ಅದನ್ನು ನಿಜ ಮಾಡು ಎಂದು ಅಜ್ಜಾರಿರಲಿ, ಅವರ ಗುರುವಿನ ಗುರು ಬಂದರೂ ಹೇಳುವ ಹಾಗಿಲ್ಲ.

ಅಂದಿನಿಂದ ಅವನ ಬಾಯಲ್ಲಿ ಬರೀ ಹ್ಯಾಡ್.

“ಹೋದ ಸಲ ನೆರಿ ಬಂದಾಗ ನಾ ಇಲ್ಲಿ ಇದ್ದಿದ್ರ, ಹೊಳೀನ ಕೈಲೆ ತಡದು ನಿಲ್ಲಸ್ತಿದ್ದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. ವ್ಯಾಕರಣದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ.

“ಒಣಬಾವಿ ಅಗ್ಯಾಕ ನನ್ನ ಕರದಿದ್ರ, ಪಾತಾಳಗಂಗಿ ತೋರಸ್ತಿದ್ದೆ.” ಅದರಲ್ಲೂ ತಪ್ಪಿಲ್ಲ.

ಅಜ್ಜಾರು ನಕ್ಕರು. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಇಷ್ಟು ಜನ ಬಂದು ಹೋದರೂ ನೇಮದಲ್ಲಿ ಸಂದು ಹುಡುಕಿದವನು ಇವನೊಬ್ಬನೇ.

“ಜಾಣ ಅದೀಯಪಾ.”

“ಹೌದ್ರಿ ಅಜ್ಜಾರ.”

“ಇಂಥಾ ವಾಕ್ಯದಾಗ ಒಂದು ಅನುಕೂಲ ಐತಿ. ಇದರಾಗ ಎಲ್ಲಾರೂ ಒಳ್ಳೇವ್ರ ಇರ್ತಾರ.”

ಅಡಿವೆಪ್ಪ ಅದನ್ನು ಹೊಗಳಿಕೆ ಅಂದುಕೊಂಡ.

ಸಂದರ್ಶನ ಹತ್ತಿರ ಬಂತು. ಆ ವಾರ ಮೇಲೆ ಎಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಏರಿತ್ತು. ದೋಣಿಯನ್ನು ದಂಡೆಗೆ ಕಟ್ಟಿಹಾಕಿದ್ದರು.

ಬೆಳಗ್ಗೆ ಅಜ್ಜಾರು ಹೇಳಿದರು, “ಇವತ್ತ ಬರೇ ಹ್ಯಾಡ್ ಆಗೂದಿಲ್ಲ. ಒಂದು ಶುಡ್, ಒಂದು ಹ್ಯಾಡ್. ಜೋಡಿ ಕೊಡು.”

ಅಡಿವೆಪ್ಪ ಹೊಳೆ ನೋಡಿದ, ಕಟ್ಟಿದ ದೋಣಿ ನೋಡಿದ. ಇಂಥ ದಿನ ಆಶ್ರಮಕ್ಕೆ ಕಾಗೆಯೂ ಬರುವುದಿಲ್ಲ.

“ಶುಡ್ ಎ ಗೆಸ್ಟ್ ಕಮ್, ಐ ಶಲ್ ಸರ್ವ್ ವಿತ್ ಮೈ ಓನ್ ಹ್ಯಾಂಡ್ಸ್.” ಅತಿಥಿ ಬಂದರೆ ನನ್ನ ಕೈಯಾರೆ ಬಡಿಸುತ್ತೇನೆ.

“ಚಲೋ. ಇನ್ನೊಂದು?”

ಅದಕ್ಕೆ ಯೋಚನೆಯೇ ಬೇಕಾಗಲಿಲ್ಲ. ನಾಲಿಗೆಯ ತುದಿಯಲ್ಲೇ ಇತ್ತು.

“ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್.” ಗೊತ್ತಿದ್ದರೆ ಬರುತ್ತಿದ್ದೆ.

ಅಜ್ಜಾರು ಅವನ ಮುಖ ನೋಡಿದರು. “ಯಾರಿಗೆ ಹೇಳಿದಿ ಇದನ್ನ?”

“ಯಾರಿಗಿಲ್ರಿ. ಉದಾಹರಣಿ ಅಷ್ಟ.”

“ಉಳದ ವಾಕ್ಯ ಎಲ್ಲಾ ಹೊಸಾ ಇದ್ದುವು. ಇದು ಬಳಸಿ ಬಳಸಿ ಸವದಂಗ ಐತಿ.”

ಅಡಿವೆಪ್ಪ ಹಿಟ್ಟು ನಾದಬೇಕು ಎಂದು ಹೇಳಿ ಅಡುಗೆಮನೆಗೆ ಹೋದ. ಆಶ್ರಮದಲ್ಲಿ ರೊಟ್ಟಿ ಅವನದೇ ಪಾಲು.

ಮಧ್ಯಾಹ್ನದ ಹೊತ್ತಿಗೆ ಹೊಳೆ ಇಳಿಯಿತು. ದೋಣಿ ಬಿಟ್ಟರು.

ಅಡಿವೆಪ್ಪ ರೊಟ್ಟಿ ಬಡಿಯುತ್ತಿದ್ದ. ಅಂಗಳದಲ್ಲಿ ಕಾಲುಂಗುರದ ಸಪ್ಪಳವಾಯಿತು. ಒಂದು ಹೆಣ್ಣು ದನಿ, “ಶರಣ್ರಿ ಅಜ್ಜಾರ,” ಅಂದಿತು.

ಅವನ ಕೈ ಅರ್ಧಕ್ಕೇ ನಿಂತಿತು. ಆ ದನಿಯನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ. ನಿಲ್ಲಿಸಿದರೆ ಅನುಮಾನ ಬರುತ್ತದೆ ಎಂದು ಮತ್ತೆ ಬಡಿಯತೊಡಗಿದ.

ಪಾಪ, ಬುದ್ಧಿವಂತ ಅಲ್ಲೇ ಎಡವಿದ. ಅವ್ವ ಹೋದ ಮೇಲೆ ಅವನಿಗೆ ರೊಟ್ಟಿ ಬಡಿಯಲು ಕಲಿಸಿದವಳೇ ಪಾರವ್ವ. ಎರಡು ಬಡಿತ, ಒಂದು ತಿರುವು, ಆಮೇಲೆ ಅಂಗೈಯಿಂದ ಅಂಚಿಗೊಂದು ಒತ್ತು. ತವರಿನ ಓಣಿಯಲ್ಲಿ ಹಾಗೆ ಬಡಿಯುತ್ತಿದ್ದವಳು ಅವರ ಅವ್ವ ಒಬ್ಬಳೇ.

ಪಾರವ್ವ ಅಡುಗೆಮನೆಯ ಕಡೆ ಒಮ್ಮೆ ತಿರುಗಿದಳು.  ಮಗುವನ್ನು ಎದುರಿಗೆ ಕೂರಿಸಿಕೊಂಡು, ಒಳಗಿನವರಿಗೂ ಕೇಳಿಸುವಷ್ಟು ದನಿಯಲ್ಲಿ ಮಾತು ಶುರುಮಾಡಿದಳು.

“ಇಂವ ನನ್ನ ಮಗಾರಿ. ಗುರುಸಿದ್ದ.”

“ಮಗನಾ? ಎರಡು ಹೆಳಲು ಹಾಕೀದಿ?”

“ಹಾಕದ ಏನ್ ಮಾಡ್ಲಿರಿ. ಕೂದಲಾ ಕಣ್ಣಾಗ ಬರ್ತಾವು. ಓಣಿ ಹುಡುಗ್ರು ಗುರುಸಿದ್ದವ್ವಾ ಅಂತ ಕಾಡಸ್ತಾವು. ಅತ್ತು ಬರ್ತಾನ.”

ಗುರುಸಿದ್ದ ಒಂದು ಹೆರಳನ್ನು ಬಾಯಿಗಿಟ್ಟುಕೊಂಡು ಅಜ್ಜಾರ ಗಡ್ಡ ನೋಡುತ್ತಿದ್ದ.

“ಜವಳ ತಗಸಲಿಲ್ಲ ಯಾಕ?”

“ಸೋದರಮಾವ ಬರಲಿಲ್ರಿ. ಈಗ ಮೂರು ತುಂಬಾಕ ಬಂತು. ಮನಿ ಹಿರ್ಯಾರು ಇನ್ನ ಕಾಯೂದಿಲ್ಲ ಅಂದ್ರು. ನಾಳೆ ಮುಂಜಾನೆ ಮುಹೂರ್ತ ಇಟ್ಟಾರ. ಬಾಜೂ ಮನಿಯಾಂವನ ತೊಡಿಮ್ಯಾಲ ಕುಂದರಿಸಿ ತಗಸ್ತಾರಂತ. ಅದಕ್ಕ ನಿಮ್ಮ ಕಡೆ ಬಂದೀನ್ರಿ. ಕತ್ತರಿ ತಂದೀನಿ. ಯಾರ್ಯಾರೋ ಮುಟ್ಟೂದಕಿಂತ ನೀವ ಮೊದಲನೇ ಕೂದಲಾ ತಗದು ಬಿಡ್ರಿ.”

“ಸೋದರಮಾವ ಅದಾನೋ ಇಲ್ಲೋ?”

“ಅದಾನ್ರಿ. ದಿನಾ ಗೊತ್ತಿದ್ರ ಓಡಿ ಬರ್ತಿದ್ದೆ ಅಂದ.”

ಅಜ್ಜಾರು ಗಡ್ಡ ನೀವಿಕೊಂಡರು. “ಗೊತ್ತಿರಲಿಲ್ಲೇನು ಅವಗ?”

ಒಳಗೆ ಎರಡು ಬಡಿತ, ಒಂದು ತಿರುವು.

“ಗೊತ್ತಿತ್ರಿ,” ಎಂದಳು ಪಾರವ್ವ. “ನನ್ನ ಗಂಡನ ಹೋಗಿ ಹೇಳಿ ಬಂದಿದ್ರು.”

ಒಳಗೆ ಬಡಿತ ನಿಂತಿತು.

“ಮತ್ತ ನೀ ಅವಗ ಏನಂದಿ?”

“ಹೌದೇನಪಾ, ಗೊತ್ತಿರಲಿಲ್ಲೇನು ಅಂತ ಅಂದೆ. ನಂಬಿದಂಗ ಮಾಡಿದೆ. ಸುಳ್ಳ ಹೇಳತೀ ಅಂದ್ರ ಫೋನ್ ಇಡ್ತಾನ. ಮತ್ತ ಮಾಡೂದಿಲ್ಲ. ನನಗ ಇರೂದು ಒಂದ ತವರ್ರಿ. ಅದು ಸುಳ್ಳಿನ ಮ್ಯಾಲರೆ ನಿಂತಿರಲಿ ಅಂದೆ.”

 ಮಗುವಿನ ಹೆರಳನ್ನು ಬಾಯಿಂದ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಅಡುಗೆಮನೆಯಿಂದ ಹೊತ್ತಿದ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅಡಿವೆಪ್ಪ ಅದನ್ನು ತಿರುವಿ ಹಾಕಲಿಲ್ಲ. ಕಟ್ಟಿದ ಅಷ್ಟೂ ವಾಕ್ಯಗಳಲ್ಲಿ ಒಂದಾದರೂ ಅವನ ನೆರವಿಗೆ ಬರಲಿಲ್ಲ. ನೆನಪಾದದ್ದು ಆ ಮುದುಕಿ. ಯಾರು, ನಾನಾ? ಮೊದಲಾ?

“ಅಡಿವೆಪ್ಪಾ,” ಅಜ್ಜಾರು ಕೂಗಿದರು. “ಅತಿಥಿ ಬಂದಾರ.”

ನೇಮ ಅಂದರೆ ನೇಮ. ಅವನು ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಹೊರಗೆ ಬಂದ. ಅಕ್ಕನ ಮುಂದೆ ಇಟ್ಟ. ಮಗುವಿನ ಮುಂದೆ ಒಂದು ಸಣ್ಣ ರೊಟ್ಟಿ ಇಟ್ಟ. ಮುಖ ಎತ್ತಲಿಲ್ಲ.

“ಇಂವ ಯಾರಬೇ?” ಎಂದಿತು ಮಗು.

 ಉತ್ತರ ಅವನೇ ಕೊಡಲಿ ಎಂದು ಪಾರವ್ವ ಕಾದಳು.

“ಅಕ್ಕಾ,” ಎಂದ ಅಡಿವೆಪ್ಪ.  “ನಾಳಿ ಮುಹೂರ್ತ ಐತಿ ಅಂತ ನನಗ ಗೊತ್ತಿದ್ರ…”

“ತಡಿ,” ಎಂದರು ಅಜ್ಜಾರು. “ಮುಂಜಾನೆ ಇದನ್ನ ಪಾಠದಾಗ ಹೇಳೀದಿ. ಹೊತ್ತು ಮುಳುಗೂದ್ರಾಗ ನಿಜಾ ಮಾಡಬೇಕು.”

“ಅದು ಆಗಿಹೋದ ಕಾಲರಿ ಅಜ್ಜಾರ. ನಿಜಾ ಮಾಡಾಕ ಬರೂದಿಲ್ಲ.”

“ಹಂಗಾದ್ರ ನಿಜಾ ಇದ್ದದ್ದು ಹೇಳು.”

ಅಡಿವೆಪ್ಪ ಮುಖ ಎತ್ತಿ ಅಕ್ಕನನ್ನು ನೋಡಿದ.  ಆಮೇಲೆ ಅವನು ಜನ್ಮದಲ್ಲೇ ಆಡಿದ ಅತಿ ಸಣ್ಣ ವಾಕ್ಯಗಳು ಹೊರಗೆ ಬಂದವು.

“ಗೊತ್ತಿತ್ತಕ್ಕಾ. ಬರಲಿಲ್ಲ.”

ಪಾರವ್ವ ತಲೆ ಎತ್ತಿದಳು. “ಯಾಕ?”

“ಬರಿಗೈ ಇತ್ತು.”

ಅವಳಿಗೆ ಅಳು ಬರಬಹುದು ಎಂದು ನೀವು ಅಂದುಕೊಂಡಿರಬಹುದು. ಸಿಟ್ಟು ಬಂತು.

“ಬರಿಗೈ! ಭಾಡ್ಯಾ, ಅವ್ವ ಹ್ವಾದ ದಿನ ನನ್ನ ಕೈಯಾಗ ಏನ್ ಬೆಳ್ಳಿ ಇತ್ತಂತ ನಿನ್ನ ಎತ್ತಿಕೊಂಡೆ? ನಾ ಉಡಿದಾರಾ ಕೇಳಿದ್ನೇನು? ವರ್ಷಪೂರ್ತಿ ಈ ಹುಡುಗನ ತಲಿ ಹಿಕ್ಕಿದೆ ನಾನು. ದಿನಾ ಹಿಕ್ಕುವಾಗ ನಿನ್ನ ಬೈದೀನಿ. ಗೊತ್ತೈತೇನು?”

“ಇಲ್ಲಕ್ಕಾ.”

“ಈಗ ಗೊತ್ತಾತಲ್ಲ!”

ಗುರುಸಿದ್ದ ಹೆದರಿ ಅಜ್ಜಾರ ತೊಡೆ ಹತ್ತಿದ. ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಂದು ತುಂಡು ರೊಟ್ಟಿ ಮುರಿದಳು. “ಉಪ್ಪು ಕಡಿಮಿ ಹಾಕೀದಿ,” ಎಂದಳು. ಸಿಟ್ಟು ಅಷ್ಟಕ್ಕೆ ಇಳಿದಿತ್ತು.

ಉಂಡಾದ ಮೇಲೆ ಅವಳು ಮಡಿಚಿದ ಬಟ್ಟೆಯಿಂದ ಕತ್ತರಿ ತೆಗೆದು ಅಜ್ಜಾರ ಮುಂದೆ ಇಟ್ಟಳು. ಅಜ್ಜಾರು ಅದನ್ನು ಅಡಿವೆಪ್ಪನ ಕಡೆ ಸರಿಸಿದರು.

“ಇಲ್ಲೇ ತಗೀಲೇನ್ರಿ ಅಜ್ಜಾರ?” ಎಂದ ಅವನು. ಅವನ ದನಿಯಲ್ಲಿ ಆಸೆ ಇತ್ತು. ಇಲ್ಲಾದರೆ ನೋಡುವವರು ಯಾರೂ ಇಲ್ಲ.

“ಏನಂತ ಹೇಳಿದಿ ನಿಮ್ಮಕ್ಕಗ? ಇಲ್ಲೇ ತಗೀತಿದ್ದೆ ಅಂದ್ಯೋ, ಬರ್ತಿದ್ದೆ ಅಂದ್ಯೋ?”

ಅಡಿವೆಪ್ಪ ಕತ್ತರಿಯನ್ನು ತಿರುಗಿ ಅಜ್ಜಾರ ಕಡೆಗೇ ಸರಿಸಿದ.

ಹೊತ್ತು ಇಳಿಯುತ್ತಿತ್ತು. ಪಾರವ್ವ ಮಗುವನ್ನು ಎತ್ತಿಕೊಂಡು ದೋಣಿ ಹತ್ತಿದಳು. ಅಡಿವೆಪ್ಪ ನೀರಿನ ಅಂಚಿಗೆ ಬಂದು ನಿಂತ. ಜೊತೆಗೆ ಬಂದ ಅಜ್ಜಾರ ಕೈಯಲ್ಲಿ ಕತ್ತರಿ ಇತ್ತು.

“ಅಜ್ಜಾರ, ನಾಡದು ಇಂಟರ್‌ವ್ಯೂ ಐತಿ. ಕೆಲಸ ಸಿಕ್ಕ ಮ್ಯಾಲ ಉಡಿದಾರಾ ಮಾಡಿಸಿಕೊಂಡು ಹೋದ್ರ ಅಕ್ಕಗೂ ಮಾನ ಅಲ್ಲೇನ್ರಿ? ಈಗ ನೋಡ್ರಿ, ಕೈಯಾಗ ಏನೂ ಇಲ್ಲ.”

ಎರಡೂ ಕೈ ಚಾಚಿ ತೋರಿಸಿದ. ಅಂಗೈಯಲ್ಲಿ ಜೋಳದ ಹಿಟ್ಟು ಇನ್ನೂ ಅಂಟಿತ್ತು.

ಅಜ್ಜಾರು ಅದರಲ್ಲಿ ಕತ್ತರಿ ಇಟ್ಟರು.

“ಕೈ ತುಂಬಿದ್ರ ಇದನ್ನ ಹ್ಯಾಂಗ ಹಿಡೀತಿದ್ದಿ?”

ದೋಣಿ ಹೊರಟಿತು.

ಆಚೆ ದಂಡೆಯ ಮನೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಹಾಸಿಗೆಯ ಮೇಲೆ ಕೂತಿದ್ದ ಪಾರವ್ವನ ಮಾವ, ಅಂದರೆ ಗಂಡನ ಅಪ್ಪ, ಅಡಿವೆಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಚೀಲ ಇಲ್ಲ, ಪೊಟ್ಟಣ ಇಲ್ಲ. ಕೈಯಲ್ಲಿ ಒಂದು ಕತ್ತರಿ.

“ಏನಪಾ ಬೀಗ, ಏನು ತಂದೀದಿ?” ಎಂದರು. ಚಪ್ಪರದಡಿ ಯಾರೋ ನಕ್ಕರು.

ಈ ಪ್ರಶ್ನೆಗೆ ಹೆದರಿಯೇ ಅಡಿವೆಪ್ಪ ಒಂದು ವರ್ಷ ಹೊಳೆ ದಾಟಿರಲಿಲ್ಲ. ಈಗ ಅದು ಎದುರಿಗೇ ಬಂದು ನಿಂತಿತ್ತು. ನೋಡಿದರೆ ಅಷ್ಟೇನೂ ದೊಡ್ಡದಾಗಿರಲಿಲ್ಲ.

“ಏನೂ ತಂದಿಲ್ರಿ,” ಎಂದ. “ಬಂದೀನಿ.”

 ಪಾರವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖವನ್ನು ನೋಡಿದ ಮುದುಕರು ಮೀಸೆ ತೀಡಿಕೊಂಡರು. ಆಮೇಲೆ ಪಕ್ಕಕ್ಕೆ ಸರಿದು ಹಾಸಿಗೆಯ ಮೇಲೆ ಜಾಗ ಮಾಡಿದರು.

“ಕುಂದ್ರು ಹಂಗಾದ್ರ. ಚಾ ತರ್ರೆಲೇ ಬೀಗ್ರಿಗೆ.”

ಹೊಳೆಯ ಮೇಲೆ ಹೊತ್ತು ಆಗ ಮುಳುಗುತ್ತಿತ್ತು.

ಮರುದಿನ ಬೆಳಗ್ಗೆ ಗುರುಸಿದ್ದ ಸೋದರಮಾವನ ತೊಡೆಯ ಮೇಲೆ ಕೂತ. ಕೂತದ್ದು ಅಂದರೆ ಸುಳ್ಳಾಗುತ್ತದೆ. ಒದ್ದ, ಅತ್ತ, ಅಂಗಿ ಹಿಡಿದು ಜಗ್ಗಿದ. ಅಡಿವೆಪ್ಪ ಒಂದು ಕೈಯಲ್ಲಿ ಅವನನ್ನು ಅವಚಿಕೊಂಡು ಇನ್ನೊಂದು ಕೈಯಲ್ಲಿ ಕತ್ತರಿ ಆಡಿಸಿದ. ಮೊದಲ ಕೂದಲು ಪಾರವ್ವನ ಸೆರಗಿಗೆ ಬಿತ್ತು. ಅವಳು ಈಗ ಅತ್ತಳು, ಮಗನಿಗಿಂತ ಜೋರಾಗಿ. ಉಳಿದದ್ದನ್ನು ಕ್ಷೌರಿಕ ಮಾಡಿದ. ಬೋಳುತಲೆಯ ಗುರುಸಿದ್ದ ಕನ್ನಡಿ ನೋಡಿ ಇವನ್ಯಾರು ಎಂದು ಕೇಳಿದ.

ಅಡಿವೆಪ್ಪ ಹೋಳಿಗೆ ಉಂಡು, ಸಂಜೆ ಹೊಳೆ ದಾಟಿ ಆಶ್ರಮಕ್ಕೆ ಬಂದ. ಅಜ್ಜಾರು ಕಟ್ಟೆಯ ಮೇಲೆ ಕೂತು ಒಂದು ರೊಟ್ಟಿ ತಿನ್ನುತ್ತಿದ್ದರು. ನಿನ್ನೆ ಸೀದದ್ದು.

“ಅದನ್ನ್ಯಾಕ ತಿಂತೀರಿ ಅಜ್ಜಾರ?”

“ಚಲೋ ಐತಿ. ಸರಿಯಾದ ಹೊತ್ತಿಗೆ ಸುಟ್ಟೈತಿ.”

ಅಡಿವೆಪ್ಪ ನಕ್ಕ. ನಾಳೆಗೆ ಬೇಕಾದ ಚೀಲ ಕಟ್ಟಿಕೊಂಡ. ರಾತ್ರಿಯ ಬಸ್ಸಿಗೆ ಹೊರಟು ನಿಂತ. ಅವನ ನಡಿಗೆಯಲ್ಲಿ ಹಳೆಯ ಗತ್ತು ಹಾಗೇ ಇತ್ತು. ಇರಲಿ ಬಿಡಿ, ಗತ್ತು ಕೆಟ್ಟದ್ದೇನಲ್ಲ. ಈಗ ಅದಕ್ಕೆ ನಿಲ್ಲಲು ನೆಲ ಸಿಕ್ಕಿತ್ತು.

“ಅಜ್ಜಾರ, ಮೂರೂ ಬರ್ತಾವು. ಶುಡ್, ವರ್, ಹ್ಯಾಡ್. ಹ್ಯಾಂಗ ತಿರುಗಿಸಿ ಕೇಳಿದ್ರೂ ಹೇಳ್ತೀನಿ.”

“ಗೊತ್ತೈತಿ. ಕೆಲಸ ನಿಂದ.”

ಅವನು ಬಗ್ಗಿ ಅವರ ಪಾದ ಮುಟ್ಟಿದ. ಏಳುವಾಗ ತನ್ನ ಬಿಳಿ ಅಂಗಿಯ ಎದೆಯನ್ನು ನೋಡಿಕೊಂಡ. ಅಲ್ಲೆಲ್ಲ ಸಣ್ಣ ಸಣ್ಣ ಕೂದಲು. ಮೆತ್ತನೆಯವು, ಕಪ್ಪನೆಯವು, ಕತ್ತರಿಸಿದವು. ಇಂಥ ಅಂಗಿಯಲ್ಲಿ ಯಾರಾದರೂ ಸಂದರ್ಶನಕ್ಕೆ ಹೋಗುತ್ತಾರೆಯೇ ಎಂದು ಝಾಡಿಸಲು ಕೈ ಎತ್ತಿದ.

ಅಜ್ಜಾರು ಆ ಕೈ ಹಿಡಿದರು.

“ಝಾಡಸಬ್ಯಾಡಪಾ. ಅವ್ರು ಉದಾಹರಣಿ ಕೇಳ್ತಾರ.”